ತಪ್ಪಿದ ತೂತು, ಕಲಿತ ಕೈ

ಚರ್ಮಕ್ಕೆ ಒಮ್ಮೆ ಬಿದ್ದ ತೂತು ಮತ್ತೆ ಮುಚ್ಚುವುದಿಲ್ಲ. ಕತ್ತಿಗೆ ಒರೆ ಹೊಲಿಯುವವರ ಪಾಲಿಗೆ ಕೆಟ್ಟುಹೋದ ತುಂಡೇ ಗುರು. ಯಾವ ತಪ್ಪನ್ನು ಮನ್ನಿಸಬೇಕು, ಯಾವುದನ್ನು ಮನ್ನಿಸಲೇಬಾರದು ಎಂಬುದನ್ನು ಮಾತ್ರ ಮಲೆನಾಡಿನ ಬಣಕಲ್‌ನಂಥ ಊರಿನ ಮಳೆಯೇ ತೀರ್ಮಾನಿಸುತ್ತದೆ.

ಹೂಮಳೆ ಬಿದ್ದು ಕಾಫಿ ಗಿಡಗಳ ಬಿಳಿ ಹೂವೆಲ್ಲ ಉದುರಿದ ಮೇಲೆ, ಮುಂಗಾರು ಚಾರ್ಮಾಡಿಯ ನೆತ್ತಿಗೆ ಬಂದು ನಿಲ್ಲುವ ಮೊದಲು, ಬಣಕಲ್ ಸುತ್ತಿನ ತೋಟಗಳಲ್ಲಿ ಮರಗಸಿಯ ಸದ್ದು ಏಳುತ್ತದೆ. ಮರಗಸಿ ಎಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆಗಳನ್ನು ಮಳೆಗಾಲಕ್ಕೆ ಮುನ್ನ ಸವರಿ, ಗಿಡಗಳಿಗೆ ಬೇಕಾದಷ್ಟು ಬೆಳಕು ಇಳಿಯುವಂತೆ ಮಾಡುವ ಕೆಲಸ. ಬಿದಿರೇಣಿಯನ್ನು ಹಾಲುವಾಣಕ್ಕೋ ಸಿಲ್ವರ್ ಓಕ್ ಮರಕ್ಕೋ ಆನಿಸಿ ಮೇಲೇರುವ ಆಳಿನ ಎರಡು ಕೈಗಳೂ ಮರವನ್ನೇ ಹಿಡಿದಿರುತ್ತವೆ. ಕತ್ತಿಯು ಸೊಂಟದ ಹಿಂದಿನ ಕೊಕ್ಕೆಯಲ್ಲಿ, ಹರಿತವಾದ ಬಾಯನ್ನು ಬಯಲಿಗೊಡ್ಡಿಕೊಂಡೇ ತೂಗುತ್ತಿರುತ್ತದೆ.

ಆ ಕೊಕ್ಕೆ ತನ್ನ ಕೆಲಸಕ್ಕೆ ತಕ್ಕ ಸಾಧನವೇ ಹೌದು. ಗಳಿಗೆಗೊಮ್ಮೆ ಕತ್ತಿ ಎಳೆದು, ಕೊಂಬೆ ಕಡಿದು, ಮತ್ತೆ ಸಿಕ್ಕಿಸಬೇಕಾದವರಿಗೆ ಅದಕ್ಕಿಂತ ಚುರುಕಾದ ಏರ್ಪಾಡು ಬೇರೆ ಇಲ್ಲ. ಆದರೆ ಕೊಯ್ಲಿನ ನಂತರ ಕಾಫಿ ಗಿಡದ ಒಣಗಿದ ರೆಕ್ಕೆಗಳನ್ನು, ಅಂದರೆ ಕವಲುಗಳನ್ನು, ಸವರುವ ಕಸಿಯ ಚಿಕ್ಕ ಕತ್ತಿ, ಮೆಣಸಿನ ಬಳ್ಳಿ ಕಟ್ಟುವಾಗ ಬೇಕಾಗುವ ಚೂರಿ, ಬೈಕಿನಲ್ಲೋ ಜೀಪಿನಲ್ಲೋ ತೋಟದಿಂದ ತೋಟಕ್ಕೆ ಸಾಗುವ ಹತಾರ, ಇವುಗಳಿಗೆ ಬೇಕಾದದ್ದು ಕೊಕ್ಕೆಯಲ್ಲ, ಒರೆ.

ಚರ್ಮದ ಒರೆ ಮೂರು ಹೊಣೆಗಳನ್ನು ಒಟ್ಟಿಗೆ ಹೊರುತ್ತದೆ: ಕತ್ತಿಯಿಂದ ಮನುಷ್ಯನನ್ನು ಕಾಯಬೇಕು, ಪೆಟ್ಟು ಮತ್ತು ತುಕ್ಕಿನಿಂದ ಕತ್ತಿಯನ್ನು ಕಾಯಬೇಕು, ಬೇಕೆಂದಾಗ ಒಂದೇ ಕೈಯಿಂದ ಕತ್ತಿ ಹೊರಬರುವಂತೆಯೂ ಬೇಡವಾದಾಗ ಜಾರದಂತೆಯೂ ಹಿಡಿದಿರಬೇಕು. ಈ ಹೊಣೆಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಬಿಗಿ ಹೆಚ್ಚಾದರೆ ಕತ್ತಿ ಎಳೆಯಲು ಬಾರದು, ಸಡಿಲವಾದರೆ ಬಗ್ಗಿದಾಗ ಬಿದ್ದುಹೋಗುತ್ತದೆ, ಪೂರ್ತಿ ಮುಚ್ಚಿದರೆ ಒಳಗೆ ನೀರು ನಿಲ್ಲುತ್ತದೆ. ಹಾಗಾಗಿ ಮೊದಲ ಯತ್ನದಲ್ಲೇ ಮೂರನ್ನೂ ಸರಿಗೂಡಿಸಿದ ಒರೆ ಅಪರೂಪ.

ನೆರೆಹೊರೆಯ ಪರಿಹಾರಗಳು

ಈ ಸಮಸ್ಯೆಯನ್ನು ಎದುರಿಸಿದ ಬಗೆ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ನೆರೆಯ ಕೊಡಗಿನಲ್ಲಿ ಎರಡು ಕತ್ತಿಗಳಿಗೆ ಎರಡು ದಾರಿಗಳಿವೆ: ಚೇಲೆ ಎಂಬ ಸೊಂಟಪಟ್ಟಿಯ ಮುಂಭಾಗದಲ್ಲಿ ಸಿಕ್ಕಿಸುವ ಪೀಚೆಕತ್ತಿಗೆ ಬೆಳ್ಳಿಯ ಕುಸುರಿಯಿಂದ ಅಲಂಕರಿಸಿದ ಮರದ ಒರೆ, ಅಗಲ ಅಲಗಿನ ಒಡಿಕತ್ತಿಗೆ ಒರೆಯೇ ಇಲ್ಲದೆ ಬೆನ್ನ ಕಡೆಗೆ ಕಟ್ಟುವ ತೋಡಂಗ್ ಎಂಬ ಹಿತ್ತಾಳೆಯ ಕೊಕ್ಕೆ. ಒಂದು ಕಾವಲಿಗೆ ಒತ್ತು ಕೊಟ್ಟರೆ ಇನ್ನೊಂದು ವೇಗಕ್ಕೆ ಒತ್ತು ಕೊಡುತ್ತದೆ; ಮಲೆನಾಡಿನ ಸೊಂಟದ ಕೊಕ್ಕೆ ಈ ಎರಡನೆಯ ದಾರಿಯದು.

ನೇಪಾಳದ ಖುಕುರಿಯ ಒರೆಯಲ್ಲಿ ಮರದ ಎರಡು ಹೋಳುಗಳ ಮೇಲೆ ಚರ್ಮವನ್ನು ಬಿಗಿಯುತ್ತಾರೆ. ಫಿನ್‌ಲೆಂಡಿನ ಪುಕ್ಕೊ ಎಂಬ ಚೂರಿಯ ಒರೆಗೆ ಹೊರಗೆ ಚರ್ಮವಿದ್ದರೂ, ಅಲಗು ಕೂರುವ ಜಾಗದಲ್ಲಿ ಮರದ ಒಳಗವಚ ಇರುತ್ತದೆ. ಪರಸ್ಪರ ಸಂಬಂಧವಿಲ್ಲದ ಈ ಎರಡು ನಾಡುಗಳ ಕುಶಲಕರ್ಮಿಗಳು ಕಂಡುಕೊಂಡ ಸತ್ಯ ಒಂದೇ: ಒಂಟಿ ಪದರದ ಚರ್ಮ ಎಷ್ಟೇ ಗಟ್ಟಿಯಾಗಿದ್ದರೂ ಕತ್ತಿಯ ಬಾಯಿಗೆ ನೇರವಾಗಿ ಎದುರು ನಿಲ್ಲಲಾರದು.

ಚೌಕಟ್ಟು: ಮಂಜು ಮತ್ತು ಕೆಸರು ಉಳಿಸಿದ ಒರೆಗಳು
1991ರಲ್ಲಿ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕ, ಸುಮಾರು 5,300 ವರ್ಷಗಳ ಹಿಂದಿನ ‘ಓಟ್ಸಿ’ ಎಂಬ ಮಾನವನ ಬಳಿ ಚಕಮಕಿ ಕಲ್ಲಿನ ಚೂರಿ ಮತ್ತು ಅದಕ್ಕೆ ಮರದ ನಾರಿನಿಂದ ಹೆಣೆದ ಒರೆ ಇದ್ದವು. ಲಂಡನ್ನಿನ ಥೇಮ್ಸ್ ದಂಡೆಯ ಉತ್ಖನನಗಳಲ್ಲಿ ಮಧ್ಯಯುಗದ ಚರ್ಮದ ಒರೆಗಳು ಹೇರಳವಾಗಿ ದೊರೆತಿವೆ. ಗಾಳಿಯಾಡದ ಒದ್ದೆ ಕೆಸರು ಅವುಗಳನ್ನು ಕೊಳೆಯದಂತೆ ಕಾಪಾಡಿತ್ತು.

ಕಾಗದದಲ್ಲೇ ಹುಟ್ಟುವ ತಪ್ಪು

ಒರೆಯ ದೋಷಗಳಲ್ಲಿ ಹೆಚ್ಚಿನವು ಚರ್ಮಕ್ಕೆ ರಂಪಿಗೆ ತಾಗುವ ಮೊದಲೇ, ಮಾದರಿ ಬರೆದ ಕಾಗದದ ಮೇಲೆ ಹುಟ್ಟಿರುತ್ತವೆ. ರಂಪಿಗೆ ಎಂದರೆ ಚರ್ಮವನ್ನು ಕತ್ತರಿಸಲು ಮತ್ತು ಅಂಚನ್ನು ತೆಳುವಾಗಿ ಹೆರೆಯಲು ಸಮಗಾರರು ಬಳಸುವ ಅಗಲ ಬಾಯಿಯ ಹತಾರ. ಹೊಸಬರು ಸಾಮಾನ್ಯವಾಗಿ ಕತ್ತಿಯನ್ನು ಕಾಗದದ ಮೇಲೆ ಮಲಗಿಸಿ ಸುತ್ತಲೂ ಗೆರೆ ಎಳೆಯುತ್ತಾರೆ, ಅದನ್ನು ಮಗುಚಿ ಇನ್ನೊಂದು ಬದಿಯನ್ನು ಬರೆಯುತ್ತಾರೆ, ಹೊಲಿಗೆಗೆ ಅಂಚು ಬಿಡುತ್ತಾರೆ. ಕತ್ತಿಗೆ ದಪ್ಪವಿದೆ, ಚರ್ಮಕ್ಕೂ ದಪ್ಪವಿದೆ ಎಂಬುದನ್ನು ಕಾಗದ ತೋರಿಸುವುದಿಲ್ಲ.

ಮಲೆನಾಡಿನ ಕುಲುಮೆಗಳಲ್ಲಿ ಲಾರಿಯ ಕಮಾನುಪಟ್ಟಿಯಿಂದ ಬಡಿದ ಕತ್ತಿಯೊಂದರ ಬೆನ್ನು 4 ಮಿ.ಮೀ. ದಪ್ಪವಿದ್ದು, ಒರೆಯ ಚರ್ಮ 3 ಮಿ.ಮೀ. ಇದೆ ಎಂದು ಭಾವಿಸಿದರೆ, ಬೆನ್ನನ್ನು ಸುತ್ತುವ ತಿರುವೊಂದೇ ಸುಮಾರು 11 ಮಿ.ಮೀ. ಚರ್ಮವನ್ನು ನುಂಗುತ್ತದೆ. ಈ ಲೆಕ್ಕ ತಪ್ಪಿದ ಒರೆಯಲ್ಲಿ ಹೊಲಿಗೆಯ ಸಾಲು ಕತ್ತಿಯ ಬಾಯಿಗೆ ಒತ್ತಿಕೊಂಡು ನಿಲ್ಲುತ್ತದೆ, ಕತ್ತಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಬಲವಂತವಾಗಿ ಒಳನೂಕಿದರೆ ಮೊದಲ ದಿನವೇ ದಾರ ಕೊಯ್ದುಹೋಗುತ್ತದೆ.

ಕಲಿಕೆಯ ನಿಜವಾದ ಕಷ್ಟ ಶುರುವಾಗುವುದು ಎರಡನೆಯ ಒರೆಯಲ್ಲಿ. ಮೊದಲನೆಯದು ಬಿಗಿಯಾಯಿತೆಂಬ ಅಳುಕಿನಿಂದ ಮಾಡಿದ ಎರಡನೆಯದು ಬಹುತೇಕ ಸಡಿಲವಾಗಿಯೇ ಬರುತ್ತದೆ, ಏಕೆಂದರೆ ಅಲ್ಲಿ ತಿದ್ದುಪಡಿಯನ್ನು ಮಾಡಿದ್ದು ಅಳತೆಯಲ್ಲ, ಭಯ. ಎಷ್ಟು ಬಿಗಿ, ಎಲ್ಲಿ ಬಿಗಿ, ಬೆನ್ನಿನ ತಿರುವಿನಲ್ಲೋ ಹಿಡಿಯ ಕೊರಳಲ್ಲೋ ಎಂಬುದನ್ನು ಕೆಟ್ಟ ಒರೆಯನ್ನೇ ಬಿಚ್ಚಿ ನೋಡದೆ ಹೇಳಲಾಗದು. ಆದರೆ ಪರಿಪೂರ್ಣತೆಯ ಹಂಬಲವುಳ್ಳವರು ಸಾಮಾನ್ಯವಾಗಿ ಆ ಕೆಟ್ಟ ಒರೆಯನ್ನು ಕಣ್ಣಿಗೆ ಬೀಳದಂತೆ ಮೊದಲು ಎಸೆಯುತ್ತಾರೆ, ಅದರೊಂದಿಗೆ ಅಳತೆಯೂ ಹೋಗುತ್ತದೆ.

ಇನ್ನೊಂದು ಅಡಚಣೆಯೂ ಇದೆ. ಒಂದು ಒರೆ ಕೆಟ್ಟಾಗ ಉತ್ಸಾಹಿಗಳು ಮುಂದಿನದರಲ್ಲಿ ಚರ್ಮವನ್ನೂ ಬದಲಿಸುತ್ತಾರೆ, ಮಾದರಿಯನ್ನೂ ಬದಲಿಸುತ್ತಾರೆ, ದಾರವನ್ನೂ ಬದಲಿಸುತ್ತಾರೆ. ಫಲ ಒಳ್ಳೆಯದಾದರೂ ಯಾವ ಬದಲಾವಣೆಯಿಂದ ಆಯಿತೆಂದು ಗೊತ್ತಾಗುವುದಿಲ್ಲ. ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ಒಂದನ್ನು ಮಾತ್ರ ತಿದ್ದಿದ ಮೂರನೆಯ ಒರೆ, ನೋಟಕ್ಕೆ ಇನ್ನೂ ಒರಟಾಗಿದ್ದರೂ, ತಿಳಿವಳಿಕೆಯ ದೃಷ್ಟಿಯಿಂದ ಎಲ್ಲವನ್ನೂ ಬದಲಿಸಿ ಮಾಡಿದ್ದಕ್ಕಿಂತ ಬೆಲೆಯುಳ್ಳದ್ದು.

ದಾರಕ್ಕೂ ಬಾಯಿಗೂ ನಡುವೆ

ಮರದ ಒಳಗವಚವಿಲ್ಲದ ಒರೆಗೆ ಬೇರೊಂದು ರಕ್ಷಣೆ ಬೇಕು. ಅದಕ್ಕಾಗಿ ಚರ್ಮದ ಎರಡು ಪದರಗಳ ನಡುವೆ, ಕತ್ತಿಯ ಬಾಯಿ ಬರುವ ಅಂಚಿನುದ್ದಕ್ಕೂ, ಮತ್ತೊಂದು ಚರ್ಮದ ಪಟ್ಟಿಯನ್ನು ಸೇರಿಸಿ ಹೊಲಿಯುತ್ತಾರೆ. ಇದನ್ನು ನಡುಪಟ್ಟಿ ಎನ್ನಬಹುದು. ಬಾಯಿ ತಾಗುವುದು ಈ ಪಟ್ಟಿಗೆ, ದಾರಕ್ಕಲ್ಲ. ಪಟ್ಟಿಯ ದಪ್ಪ ಕತ್ತಿಯ ದಪ್ಪಕ್ಕೆ ಹೊಂದಿದರೆ ಒರೆಯ ಎರಡು ಮೈಗಳೂ ಉಬ್ಬದೆ ಸಮವಾಗಿ ಕೂರುತ್ತವೆ.

ನಡುಪಟ್ಟಿಯಿಲ್ಲದ ಒರೆ ಹೊಸದರಲ್ಲಿ ಹೆಚ್ಚು ತೆಳ್ಳಗೆ, ಹೆಚ್ಚು ಅಂದವಾಗಿ ಕಾಣುತ್ತದೆ ಎಂಬುದೇ ಅದರ ಅಪಾಯ. ಕತ್ತಿ ಒಳಹೋಗುವಾಗಲೆಲ್ಲ ಒಂದೊಂದು ಎಳೆ ಸವೆಯುತ್ತ ಬಂದು, ಹೊರಗಿನಿಂದ ಏನೂ ತೋರದೆ, ಒಂದು ದಿನ ಹೊಲಿಗೆ ಬಾಯ್ಬಿಡುತ್ತದೆ. ಆ ಹೊತ್ತಿಗೆ ಕತ್ತಿಯ ಬಾಯಿ ತೊಡೆಯ ಪಕ್ಕದಲ್ಲಿರುತ್ತದೆ.

ಹೊಲಿಗೆಯಲ್ಲಿ ಜೀನುಹೊಲಿಗೆಯೇ ಒರೆಗೆ ಸೂಕ್ತ. ಕುದುರೆಯ ಜೀನು ಹೊಲಿಯುವವರಿಂದ ಹೆಸರು ಪಡೆದ ಈ ವಿಧಾನದಲ್ಲಿ ಮೇಣ ತಿಕ್ಕಿದ ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎದುರುಬದುರಾಗಿ ಎರಡನ್ನೂ ದಾಟಿಸಿ ಬಿಗಿಯುತ್ತಾರೆ. ಯಂತ್ರದ ಹೊಲಿಗೆಯಲ್ಲಿ ಎರಡು ದಾರಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತಿರುವುದರಿಂದ ಒಂದು ಕಡಿದರೆ ಸಾಲು ಬಿಚ್ಚುತ್ತ ಹೋಗುತ್ತದೆ. ಜೀನುಹೊಲಿಗೆಯಲ್ಲಿ ಒಂದು ಕಡೆಯ ಎಳೆ ಹರಿದರೂ ಇನ್ನೊಂದು ಕಡೆಯದು ಸಾಲನ್ನು ಹಿಡಿದಿರುತ್ತದೆ.

ದಾರ ಬಿಚ್ಚಿ ಮತ್ತೆ ಹೊಲಿಯಬಹುದು, ಆದರೆ ಮೊನೆಯುಳಿಯಿಂದ ಕೊರೆದ ತೂತು ಉಳಿದೇ ಉಳಿಯುತ್ತದೆ. ಮರಗೆಲಸದಲ್ಲಿ ಹೆರೆದು ತಿದ್ದಲು, ಲೋಹದಲ್ಲಿ ಕಾಯಿಸಿ ತಿದ್ದಲು ಅವಕಾಶವಿದೆ. ಚರ್ಮದಲ್ಲಿ ಓರೆಯಾಗಿ ಬಿದ್ದ ತೂತಿನ ಪಕ್ಕ ಇನ್ನೊಂದನ್ನು ಕೊರೆದರೆ ನಡುವಿನ ಗೋಡೆ ಹರಿದು ಎರಡೂ ಒಂದಾಗುತ್ತವೆ. ಮೇಲುಮುಖದಲ್ಲಿ ನೇರವಾಗಿರುವ ತೂತುಗಳ ಸಾಲು ಹಿಂಬದಿಯಲ್ಲಿ ಹಾವಿನಂತೆ ಹರಿದಿದ್ದರೆ, ಉಳಿ ಹಿಡಿದ ಮಣಿಕಟ್ಟು ಪ್ರತಿ ಸಲವೂ ವಾಲಿದೆ ಎಂದೇ ಅರ್ಥ. ಆದ್ದರಿಂದ ಬಲ್ಲವರು ಹೊಸಬರ ಒರೆಯನ್ನು ಕೈಗೆತ್ತಿಕೊಂಡೊಡನೆ ಮೊದಲು ಹಿಂಬದಿಯನ್ನು ನೋಡುತ್ತಾರೆ.

ಚೌಕಟ್ಟು: ಉಳಿ ಹಿಡಿದ ಶರಣರು
11–12ನೇ ಶತಮಾನಗಳ ಶರಣರಲ್ಲಿ ಚರ್ಮದ ಕಾಯಕದವರ ಹೆಸರುಗಳು ಮುಖ್ಯವಾಗಿವೆ: ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ. ಚೆನ್ನಯ್ಯನ ವಚನಗಳ ಅಂಕಿತದೊಳಗೇ ಕೈಯುಳಿ, ಕತ್ತಿ, ಅಡಿಗೂಟಗಳು ಸೇರಿವೆ. ಪರಂಪರೆಯ ಕೆಲಸದ ಹಂಚಿಕೆಯಲ್ಲಿ ಚರ್ಮ ಹದಮಾಡುವುದು ಡೋಹರರದು, ಹೊಲಿಯುವುದು ಸಮಗಾರರದು.

ಚರ್ಮದ ಸ್ವಭಾವ

ಎಷ್ಟೋ ಒರೆಗಳು ಕೈಯ ತಪ್ಪಿನಿಂದಲ್ಲ, ಚರ್ಮದ ಆಯ್ಕೆಯ ತಪ್ಪಿನಿಂದ ಕೆಡುತ್ತವೆ. ತೊಗಟೆ ಮತ್ತು ಕಾಯಿಗಳ ಒಗರಿನಿಂದ, ಅಂದರೆ ಟ್ಯಾನಿನ್‌ನಿಂದ, ಹದಮಾಡಿದ ಚರ್ಮ ನೀರಿನಲ್ಲಿ ನೆನೆದಾಗ ಮೆತ್ತಗಾಗಿ, ಒತ್ತಿದ ಆಕಾರವನ್ನು ಪಡೆದು, ಒಣಗಿದ ಮೇಲೂ ಅದನ್ನೇ ಉಳಿಸಿಕೊಳ್ಳುತ್ತದೆ. ಉತ್ತರ ಕರ್ನಾಟಕದ ಕೊಲ್ಹಾಪುರಿ ಚಪ್ಪಲಿಯ ಚರ್ಮವೂ ಇದೇ ಜಾತಿಯದು. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ಅದನ್ನು ಹದಮಾಡುತ್ತಾರೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು.

ಕ್ರೋಮಿಯಂ ಲವಣಗಳಿಂದ ಹದಮಾಡಿದ ಚರ್ಮದ ಗುಣ ಬೇರೆ: ಅದು ನೀರಿಗೆ, ಬಿಸಿಗೆ ಹೆಚ್ಚು ತಾಳುತ್ತದೆ, ಮೃದುವಾಗಿರುತ್ತದೆ, ಆದರೆ ಒತ್ತಿದ ಆಕಾರದಲ್ಲಿ ನಿಲ್ಲುವುದಿಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಹದದ ಪ್ರಯೋಗಗಳನ್ನು ನಡೆಸಿದಾಗ ಅವರ ಮುಂದಿದ್ದ ಉದ್ದೇಶಗಳಲ್ಲಿ ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಚೀಲವೂ ಒಂದು; ಸದಾ ನೀರಿನಲ್ಲಿ ಮುಳುಗೇಳುವ ಆ ಚೀಲಕ್ಕೆ ಬೇಕಾದದ್ದು ಇಂಥ ಚರ್ಮವೇ ಆಗಿತ್ತು. ಮುಂದೆ ಅವರು ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ಕಪಿಲೆಗೆ ವರವಾದ ಆ ಗುಣ ಒರೆಗೆ ಶಾಪ. ಹಳೆಯ ಬ್ಯಾಗಿನಿಂದಲೋ ಸೋಫಾದ ಹೊದಿಕೆಯಿಂದಲೋ ಕತ್ತರಿಸಿ ಹೊಲಿದ ಒರೆ ಕತ್ತಿಯನ್ನು ಅಪ್ಪದೆ ಜೋಲುಬೀಳುವುದು ಈ ಕಾರಣದಿಂದ.

ಒಗರಿನ ಚರ್ಮಕ್ಕೂ ತನ್ನದೇ ಆದ ತೊಡಕಿದೆ. ಒದ್ದೆಯಾಗಿರುವಾಗ ಅದಕ್ಕೆ ಕಬ್ಬಿಣದ ಪುಡಿಯೋ ತುಕ್ಕಿನ ಕತ್ತಿಯೋ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಹಿಂದಿನವರು ಮಸಿ ತಯಾರಿಸುತ್ತಿದ್ದುದು ಇದೇ ರಾಸಾಯನಿಕ ಕ್ರಿಯೆಯಿಂದ. ಕಲೆ ಬಿದ್ದ ಒರೆಯನ್ನು ಹಾಳಾಯಿತೆಂದು ಬಿಡುವ ಬದಲು, ಕಬ್ಬಿಣದ ನೀರಿನಿಂದಲೇ ಇಡೀ ಒರೆಗೆ ಕಪ್ಪು ಬಣ್ಣ ಕೊಡುವ ಪದ್ಧತಿಯೂ ಬಳಕೆಯಲ್ಲಿದೆ. ದೋಷವೊಂದು ಅರ್ಥವಾದಾಗ ವಿಧಾನವಾಗಿ ಬದಲಾಗುವುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಈ ಕಸುಬಿನಲ್ಲಿ ಬೇರೆ ಸಿಗುವುದು ಕಷ್ಟ.

ಮಳೆಯ ಪರೀಕ್ಷೆ

ಹೊಲಿದು ಮುಗಿದ ಒರೆಯನ್ನು ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಕತ್ತಿಯನ್ನು ಒಳಗಿಟ್ಟು, ಬೆರಳಿನಿಂದಲೂ ನಯವಾದ ಮರದ ತುಂಡಿನಿಂದಲೂ ಒತ್ತಿ ಕತ್ತಿಯ ಮೈಕಟ್ಟನ್ನು ಚರ್ಮಕ್ಕೆ ಮೂಡಿಸುವುದನ್ನು ಒದ್ದೆ ಅಚ್ಚು ಎನ್ನಬಹುದು. ಹಿಡಿಯ ಕೊರಳಿನ ಬಳಿ ಹೀಗೆ ಮೂಡಿದ ಸಣ್ಣ ತಗ್ಗೇ ಕತ್ತಿಯನ್ನು ಜಾರದಂತೆ ಹಿಡಿಯುತ್ತದೆ, ಗುಂಡಿ ಹಾಕಿದ ಪಟ್ಟಿಯ ಅಗತ್ಯವೇ ಬೀಳದಂತೆಯೂ ಮಾಡಬಲ್ಲದು.

ಒಣಗಿಸುವ ಹಂತದಲ್ಲಿ ಮಲೆನಾಡು ತನ್ನ ಕಟ್ಟಳೆ ವಿಧಿಸುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ನೆರಳಿನಲ್ಲಿ ಬೇಗ ಆರುವ ಒರೆ, ಬಣಕಲ್‌ನಲ್ಲಿ ಜುಲೈ ತಿಂಗಳಲ್ಲಿ ದಿನಗಟ್ಟಲೆ ತೇವವಾಗಿಯೇ ಉಳಿಯುತ್ತದೆ. ತಾಳ್ಮೆಗೆಟ್ಟು ಅದನ್ನು ಒಲೆಯ ಬಳಿಯೋ ಬಚ್ಚಲ ಹಂಡೆಯ ಉರಿಯ ಮುಂದೋ ಇಟ್ಟರೆ ಕೆಲಸ ಕೆಡುತ್ತದೆ. ಒಗರಿನ ಚರ್ಮ ಒದ್ದೆಯಾಗಿರುವಾಗ 70ರಿಂದ 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಗೇ ಅದರ ನಾರುಗಳು ಸುರುಟಿಕೊಳ್ಳುತ್ತವೆ, ಒರೆ ಕುಗ್ಗಿ ಗರಿಗರಿಯಾಗಿ ಬಿರಿಯುತ್ತದೆ, ಮತ್ತೆ ಯಾವ ಎಣ್ಣೆಗೂ ಅದು ಮೊದಲಿನಂತಾಗುವುದಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ಒರೆಯ ಅಚ್ಚು ತೆಗೆಯುವ ಕೆಲಸವನ್ನು ಬೇಸಿಗೆಗೆ ಮುಗಿಸುವುದು ಜಾಣತನ.

ಮಳೆಗಾಲದ ಇನ್ನೊಂದು ಪಾಠ ಬೂಷ್ಟು. ಬಿರಿಯಬಾರದೆಂಬ ಕಾಳಜಿಯಿಂದ ಧಾರಾಳವಾಗಿ ಎಣ್ಣೆ ಕುಡಿಸಿದ ಒರೆ ಮೆತ್ತಗಾಗಿ ಅಚ್ಚು ಕಳೆದುಕೊಳ್ಳುತ್ತದೆ, ಗೋಡೆಗೆ ತೂಗುಹಾಕಿದಲ್ಲೇ ಬೂಷ್ಟು ಹಿಡಿಯುತ್ತದೆ. ತೆಳುವಾದ ಜೇನುಮೇಣದ ಲೇಪ, ತುದಿಯಲ್ಲಿ ನೀರು ಇಳಿಯಲು ಒಂದು ಸಣ್ಣ ಕಿಂಡಿ, ಗಾಳಿಯಾಡುವ ಜಾಗ, ಇಷ್ಟಿದ್ದರೆ ಒರೆ ಮಳೆಗಾಲವನ್ನು ದಾಟೀತು. ಮೇಲ್ನೋಟಕ್ಕೆ ಕುಂದಿನಂತೆ ಕಾಣುವ ಆ ಕಿಂಡಿಯನ್ನು ನುಣುಪಿನ ಮೋಹದಿಂದ ಬಿಟ್ಟುಬಿಟ್ಟ ಒರೆಗಳಲ್ಲಿ ಕತ್ತಿಯ ಮೊನೆಯೇ ಮೊದಲು ತುಕ್ಕು ಹಿಡಿಯುತ್ತದೆ.

ಚೌಕಟ್ಟು: ಒರೆ ಬಳಸುವವರಿಗೆ
ಕೆಲಸ ಮುಗಿದ ಮೇಲೆ ಕತ್ತಿಯನ್ನು ಒರೆಸಿ, ಒಣಗಿಸಿ, ಒರೆಯಿಂದ ಹೊರಗೇ ಇಡುವುದು ಲೇಸು. ಚರ್ಮ ಹೀರಿಕೊಂಡ ತೇವ ಉಕ್ಕನ್ನು ತಿನ್ನುತ್ತದೆ. ಹೊಸ ಒರೆಯನ್ನು ಸೊಂಟಕ್ಕೆ ಕಟ್ಟುವ ಮೊದಲು, ಮೆತ್ತನೆಯ ನೆಲದ ಸನಿಹ, ಕೈಕಾಲು ದೂರವಿಟ್ಟು, ಕತ್ತಿಸಹಿತ ತಲೆಕೆಳಗು ಮಾಡಿ ಅಲುಗಿಸಿ ನೋಡಬೇಕು. ಕತ್ತಿ ಜಾರಿದರೆ ಆ ಒರೆ ಇನ್ನೂ ಮುಗಿದಿಲ್ಲ.

ಯಾವ ತಪ್ಪು ದೊಡ್ಡದು

ಇಂಗ್ಲೆಂಡಿನ ಪೀಠೋಪಕರಣ ವಿನ್ಯಾಸಕ ಮತ್ತು ಪ್ರಾಧ್ಯಾಪಕ ಡೇವಿಡ್ ಪೈ 1968ರ ತಮ್ಮ ಗ್ರಂಥದಲ್ಲಿ ಕುಶಲ ಕೆಲಸವನ್ನು ಎರಡಾಗಿ ವಿಂಗಡಿಸಿದರು: ಫಲ ಮೊದಲೇ ನಿಶ್ಚಿತವಾಗಿರುವ ಯಂತ್ರದ ಬಗೆಯ ಕೆಲಸ ಒಂದು, ಪ್ರತಿ ಗಳಿಗೆಯೂ ಕೆಡುವ ಸಂಭವವಿರುವ ಕೈಕೆಲಸ ಇನ್ನೊಂದು. ಒರೆಯ ಹೊಲಿಗೆ ಸ್ಪಷ್ಟವಾಗಿ ಎರಡನೆಯ ಬಗೆಯದು. ಕೊನೆಯ ತೂತಿನವರೆಗೂ ಕೆಡುವ ಸಾಧ್ಯತೆ ಜೊತೆಗಿರುವ ಕೆಲಸದಲ್ಲಿ ನಿಷ್ಕಳಂಕವಾದ ವಸ್ತುವನ್ನೇ ಏಕೈಕ ಗುರಿಯಾಗಿಸಿಕೊಂಡರೆ ಕೈ ನಡುಗುತ್ತದೆ, ನಡುಗುವ ಕೈ ಉಳಿಯನ್ನು ಇನ್ನಷ್ಟು ವಾಲಿಸುತ್ತದೆ.

ಮನೋವಿಜ್ಞಾನಿಗಳಾದ ಪಾಲ್ ಹೆವಿಟ್ ಮತ್ತು ಗೋರ್ಡನ್ ಫ್ಲೆಟ್ 1991ರಲ್ಲಿ ಪರಿಪೂರ್ಣತೆಯ ಹಂಬಲವನ್ನು ಮೂರು ಬಗೆಯಾಗಿ ಗುರುತಿಸಿದರು: ತನ್ನಿಂದಲೇ ಬಯಸುವುದು, ಇತರರಿಂದ ಬಯಸುವುದು, ಇತರರು ತನ್ನಿಂದ ಬಯಸುತ್ತಿದ್ದಾರೆಂದು ನಂಬುವುದು. ಮನಸ್ಸಿನ ಕುಗ್ಗುವಿಕೆಯೊಂದಿಗೆ ಹೆಚ್ಚು ನಂಟಿರುವುದು ಮೂರನೆಯದಕ್ಕೆ. ಪ್ರದರ್ಶನಕ್ಕಿಟ್ಟ ಹೊಳೆಯುವ ಒರೆಗಳನ್ನು ಮಾತ್ರ ಕಂಡ ಕಲಿಕೆಗಾರರು, ಅವುಗಳ ಹಿಂದೆ ಬಿದ್ದ ತುಂಡುಗಳನ್ನು ಕಾಣದೆ, ತಮ್ಮ ಒರಟು ಹೊಲಿಗೆಯನ್ನು ಬಚ್ಚಿಡುವುದು ಈ ಬಗೆಯ ಒತ್ತಡದಿಂದಲೇ.

ಒರೆಯ ತಪ್ಪುಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನು ಈ ಕಸುಬು ಒತ್ತಿ ಹೇಳಬೇಕಾಗಿದೆ. ಹೊಲಿಗೆಯ ಸಾಲು ಕೂದಲೆಳೆಯಷ್ಟು ಸೊಟ್ಟವಾಗಿರುವುದು, ಬಣ್ಣ ಒಂದು ಕಡೆ ಗಾಢವಾಗಿರುವುದು, ಅಂಚು ಸಾಕಷ್ಟು ಮಿರುಗದಿರುವುದು ಕಣ್ಣಿನ ತಪ್ಪುಗಳು. ನಡುಪಟ್ಟಿ ತೆಳುವಾಗಿರುವುದು, ಬೆಲ್ಟಿನ ಕುಣಿಕೆಗೆ ಹೊಲಿಗೆ ಕಡಿಮೆ ಬಿದ್ದಿರುವುದು, ಮೊನೆ ತಳವನ್ನು ಚುಚ್ಚುತ್ತಿರುವುದು ಮೈಯ ತಪ್ಪುಗಳು. ಪರಿಪೂರ್ಣತೆಯ ಹಟ ಬಹುಪಾಲು ಸಲ ಮೊದಲನೆಯ ಗುಂಪಿನ ಮೇಲೆ ಸಮಯ ಸುರಿದು ಎರಡನೆಯದನ್ನು ಮರೆಯುತ್ತದೆ. ತೋಟದ ಆಳಿಗೆ ಒರೆ ಕೊಡುವವರು ಎರಡನೆಯ ಗುಂಪಿನಲ್ಲಿ ಕಿಂಚಿತ್ತೂ ರಿಯಾಯಿತಿ ತೋರಬಾರದು.

ಇದರೊಂದಿಗೆ ಹಣದ ಪ್ರಶ್ನೆಯೂ ಇದೆ, ಅದನ್ನು ಬಿಟ್ಟು ಕೈಕಸುಬಿನ ಸೋಲುಗಳ ಬಗ್ಗೆ ಮಾತನಾಡುವುದು ಅನ್ಯಾಯವಾದೀತು. ಹವ್ಯಾಸಕ್ಕೆ ಹೊಲಿಯುವವರು ಕೆಟ್ಟ ತುಂಡನ್ನು ಬದಿಗಿಟ್ಟು ಹೊಸ ಚರ್ಮ ತರಬಲ್ಲರು. ರಸ್ತೆಬದಿಯಲ್ಲಿ ಕುಳಿತು ದುಡಿಯುವ ಸಮಗಾರರಿಗೆ ಹಾಳಾದ ಒಂದು ತುಂಡೆಂದರೆ ಆ ದಿನದ ಗಳಿಕೆ. ಅದಕ್ಕಾಗಿಯೇ ಅವರ ಕೈಯಲ್ಲಿ ತಪ್ಪಿದ ದೊಡ್ಡ ತುಂಡು ಕುಣಿಕೆಯಾಗುತ್ತದೆ, ಕುಣಿಕೆಗೂ ಬಾರದ್ದು ನಡುಪಟ್ಟಿಯಾಗುತ್ತದೆ, ಅದಕ್ಕೂ ಬಾರದ್ದು ಚಪ್ಪಲಿಯ ತೇಪೆಯಾಗುತ್ತದೆ. ಜಾತಿಯ ಕಾರಣಕ್ಕೆ ಶತಮಾನಗಳ ಕಾಲ ಹೀಗಳೆಯಲ್ಪಟ್ಟ ಈ ಸಮುದಾಯಗಳು ತಪ್ಪುಗಳಿಂದ ಗಳಿಸಿದ ತಿಳಿವಳಿಕೆ ಪುಸ್ತಕಕ್ಕೆ ಬಂದದ್ದು ತೀರ ಕಡಿಮೆ. ಅದು ಇಂದಿಗೂ ಹೆಚ್ಚಾಗಿ ಉಳಿದಿರುವುದು ದುಡಿಯುವ ಕೈಗಳಲ್ಲೇ.

ಕರ್ನಾಟಕದಲ್ಲಿ ಚರ್ಮ ಕುಶಲಕರ್ಮಿಗಳಿಗಾಗಿ 1976ರಲ್ಲಿ ಸ್ಥಾಪನೆಯಾದ, ಲಿಡ್‌ಕರ್ ಎಂದು ಪರಿಚಿತವಾದ ನಿಗಮವಿದೆ. ಇಂಥ ಸಂಸ್ಥೆಗಳು ನಡೆಸುವ ತರಬೇತಿಗಳಲ್ಲಿ ಸಿದ್ಧವಸ್ತುಗಳ ಕಪಾಟಿನ ಪಕ್ಕದಲ್ಲೇ ಕೆಟ್ಟ ವಸ್ತುಗಳ ಕಪಾಟೂ ಇರಬೇಕಾದದ್ದು ನ್ಯಾಯ: ಹೊಲಿಗೆ ಬಿಚ್ಚಿ ಹರಡಿದ ಒರೆ, ಅದರಲ್ಲಿ ಬಾಯಿ ಕೊಯ್ದ ಜಾಗಕ್ಕೆ ಹಾಕಿದ ಗುರುತು, ಅದಕ್ಕೆ ಬಳಸಿದ ಕಾಗದದ ಮಾದರಿ, ಪಕ್ಕದಲ್ಲಿ ತಿದ್ದಿದ ಮಾದರಿ. ಮೊದಲ ಯತ್ನಗಳನ್ನು ರಟ್ಟಿನಲ್ಲೂ ಚಪ್ಪಲಿಯ ಕತ್ತರಿಕೆಯಲ್ಲಿ ಉಳಿದ ತುಂಡುಗಳಲ್ಲೂ ಮಾಡಿಸಿ, ಆ ಹೊತ್ತಿನ ಕೂಲಿಯನ್ನು ತರಬೇತಿಯ ಖರ್ಚಿಗೇ ಸೇರಿಸಿದರೆ, ತಪ್ಪಲು ಬೇಕಾದ ಬಿಡುವು ಹವ್ಯಾಸಿಗಳಿಗೆ ಮಾತ್ರವಲ್ಲ, ಈ ಕಸುಬನ್ನೇ ನಂಬಿ ಬದುಕುವವರಿಗೂ ಸಿಗುತ್ತದೆ.